ಮಂಗಳವಾರ ಅವಕ್ಕೆ ಬಿಡಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಪತ್ರಿಕೆಗಳಲ್ಲಿ ಎರಡು ಸುದ್ದಿಗಳಿಗಾಗಿ ಕಾಯಬಹುದು. ಮೊದಲನೆಯದು ಪುಟ್ಟದು. ಗಜಪಡೆಯ ತಾಲೀಮು, ದೀಪಾಲಂಕಾರ, ಯುವ ದಸರಾಕ್ಕೆ ಯಾವ ಗಾಯಕರು ಬರ್ತಾರೆ ಅನ್ನೋ ದೊಡ್ಡ ಸುದ್ದಿಗಳ ಪಕ್ಕ ಎಲ್ಲೋ ಮೂಲೆಯಲ್ಲಿ ನಾಲ್ಕು ಸಾಲು. ಪ್ರವಾಸಿಗರ ಅನುಕೂಲಕ್ಕಾಗಿ ಮಂಗಳವಾರವೂ ಮೃಗಾಲಯ ತೆರೆದಿರುತ್ತದೆ ಅಂತ ಅದರ ಸಾರಾಂಶ. ಎರಡನೆಯದು ಹಬ್ಬ ಮುಗಿದ ಮೇಲೆ ಬರುತ್ತದೆ, ಸ್ವಲ್ಪ ದೊಡ್ಡದಾಗಿ, ಜನಜಂಗುಳಿಯ ಫೋಟೋ ಸಮೇತ. ದಸರಾ ದಿನಗಳಲ್ಲಿ ಮೃಗಾಲಯಕ್ಕೆ ಇಷ್ಟು ಜನ, ಇಷ್ಟು ಆದಾಯ, ಹೋದ ವರ್ಷಕ್ಕಿಂತ ಇಷ್ಟು ಜಾಸ್ತಿ.

ಇವೆರಡನ್ನೂ ಓದಿ ಖುಷಿಪಡುವವರೇ ಹೆಚ್ಚು. ನನಗೆ ಮಾತ್ರ ಮೈ ಉರಿಯುತ್ತದೆ. ಈ ಪೋಸ್ಟು ಆ ಉರಿಯ ಬಗ್ಗೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ :-)

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ವಾರದ ರಜೆ ಮಂಗಳವಾರ. ಮೈಸೂರಿನವರು ಆರಾಮಪ್ರಿಯರು, ಅದಕ್ಕೇ ಹೀಗೆ ಅಂತ ಬೆಂಗಳೂರಿನ ಗೆಳೆಯರು ಕಾಲೆಳೆಯುತ್ತಾರೆ. ಆದರೆ ವಾರದ ರಜೆ ಮೈಸೂರಿನ ಸೋಮಾರಿತನದಿಂದ ಹುಟ್ಟಿದ್ದಲ್ಲ. ದೇಶದ ಮೃಗಾಲಯಗಳನ್ನೆಲ್ಲ ನೋಡಿಕೊಳ್ಳಲು ಕೇಂದ್ರ ಮೃಗಾಲಯ ಪ್ರಾಧಿಕಾರ ಅಂತ ಒಂದಿದೆ, 1992ರಲ್ಲಿ ಶುರುವಾದದ್ದು. ಮೃಗಾಲಯಗಳಿಗೆ ಮಾನ್ಯತೆ ಕೊಡುವ 2009ರ ನಿಯಮಗಳಲ್ಲಿ ವಾರಕ್ಕೆ ಒಂದು ದಿನವಾದರೂ ಜನರಿಗೆ ಬಾಗಿಲು ಮುಚ್ಚಿರಬೇಕು ಅಂತಿದೆ. ಹಬ್ಬದ ಮಂಗಳವಾರ ತೆರೆಯುವುದಕ್ಕೆ ಅದರಲ್ಲಿ ಎಲ್ಲಿ ಸಂದು ಸಿಗುತ್ತದೆ ಅನ್ನೋದನ್ನು ವಕೀಲರಿಗೆ ಬಿಟ್ಟಿದ್ದೇನೆ, ನನ್ನ ಜಗಳ ಕಾನೂನಿನದ್ದಲ್ಲ. ಅಂಥದ್ದೊಂದು ನಿಯಮ ಯಾಕಾದರೂ ಬೇಕಾಯ್ತು ಅನ್ನೋದನ್ನು ನಾವು ಮರೆತಿದ್ದೇವಲ್ಲ, ಜಗಳ ಅದರ ಮೇಲೆ.

ಬಾಗಿಲು ಮುಚ್ಚಿದ ದಿನ ಮೃಗಾಲಯದಲ್ಲಿ ಕೆಲಸ ನಿಂತಿರುವುದಿಲ್ಲ. ಪ್ರಾಣಿಗಳಿಗೆ ಊಟ ಹಾಕಲೇಬೇಕು, ಸಗಣಿ ಬಾಚಲೇಬೇಕು. ಅದರ ಮೇಲೆ ಜನ ಇದ್ದಾಗ ಮಾಡಲಾಗದ ಕೆಲಸಗಳು. ಕಂದಕದ ನೀರು ಖಾಲಿ ಮಾಡಿ ತೊಳೆಯುವುದು, ಬೇಲಿ ಸರಿಮಾಡುವುದು, ದಾರಿಯ ಮೇಲೆ ಬಾಗಿದ ಒಣಕೊಂಬೆ ಇಳಿಸುವುದು, ಒಂದು ಪ್ರಾಣಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ನಮ್ಮ ದೇಶದ ಬಹಳಷ್ಟು ಮೃಗಾಲಯಗಳಲ್ಲಿ ಹುಲಿ ಸಿಂಹಗಳಿಗೆ ವಾರಕ್ಕೊಂದು ದಿನ ಉಪವಾಸ ಇರುತ್ತದೆ. ಕಾಡಿನಲ್ಲಿ ದಿನಾ ಬೇಟೆ ಸಿಗುವುದಿಲ್ಲವಲ್ಲ, ಹಾಗೆ. ಆ ಉಪವಾಸ ಸಾಮಾನ್ಯವಾಗಿ ಬೀಳುವುದು ರಜೆಯ ದಿನವೇ. ಎಲ್ಲಕ್ಕಿಂತ ಮುಖ್ಯವಾಗಿ ಆವತ್ತು ಯಾರೂ ಸಿಳ್ಳೆ ಹೊಡೆಯುವುದಿಲ್ಲ.

ನಮ್ಮ ವೃತ್ತಿಯವರಿಗೆ ಇದು ಬೇಗ ಅರ್ಥವಾಗಬೇಕು. ಸರ್ವರುಗಳಿಗೆ ಮೇಂಟೆನೆನ್ಸ್ ವಿಂಡೋ ಅಂತ ಇಡುತ್ತೇವೆ. ಭಾನುವಾರ ಬೆಳಗಿನ ಜಾವ ಎರಡರಿಂದ ನಾಲ್ಕು, ಆ ಹೊತ್ತಿಗೆ ಯಾವ ಕ್ಲೈಂಟು ಕೂಗಿದರೂ ಇಲ್ಲ ಅನ್ನುತ್ತೇವೆ. ಹಬ್ಬದ ಸೇಲ್ ಇದ್ದಾಗ ಎಂಜಿನಿಯರುಗಳು ಶನಿವಾರ ಭಾನುವಾರ ಕೂತು ಕೆಲಸ ಮಾಡಿದರೆ ಆಮೇಲೆ ಕಾಂಪ್ ಆಫ್ ಕೊಡುತ್ತಾರೆ. ಕೊಡದಿದ್ದರೆ ನಾವು ಸುಮ್ಮನಿರುತ್ತೇವಾ? ಮ್ಯಾನೇಜರಿಗೆ ಮೇಲ್, ಮೇಲಿನವರಿಗೆ ಸಿಸಿ, ಕ್ಯಾಂಟೀನಿನಲ್ಲಿ ಒಂದು ವಾರ ಅದೇ ಮಾತು. ಜಿರಾಫೆಗೆ ಯಾರ ಮೇಲ್ ಐಡಿಯೂ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಮಾಮೂಲಿ ವಾರದಲ್ಲಿ ಬುಧವಾರದಿಂದ ಸೋಮವಾರದವರೆಗೆ ಆರು ದಿನ ಜನ, ಏಳನೇ ದಿನ ಬಿಡುವು. ಒಂದು ಮಂಗಳವಾರ ತೆಗೆದರೆ ಸತತ 13 ದಿನ ಜನ. ಶಾಲೆಗಳ ದಸರಾ ರಜೆಯ ಜೊತೆ ಎರಡು ಮಂಗಳವಾರ ಬಿದ್ದು ಎರಡನ್ನೂ ತೆಗೆದರೆ ಸತತ 20 ದಿನ. ಅದೂ ವರ್ಷದ ಅತಿ ಹೆಚ್ಚು ಗದ್ದಲದ 20 ದಿನ. ಒಂದೆರಡು ಮಂಗಳವಾರಕ್ಕೆ ಇಷ್ಟೊಂದು ಗಲಾಟೆ ಯಾಕಪ್ಪಾ ಅಂತ ಕೇಳುವವರಿಗೆ ಇದೇ ಉತ್ತರ. ವರ್ಷದ 52 ಮಂಗಳವಾರಗಳಲ್ಲಿ ಯಾವುದು ಅವಕ್ಕೆ ನಿಜವಾಗಿ ಬೇಕೋ, ಸರಿಯಾಗಿ ಅದನ್ನೇ ಆರಿಸಿ ಕಿತ್ತುಕೊಳ್ಳುತ್ತಿದ್ದೇವೆ. ಮಳೆಗಾಲದ ಯಾವುದೋ ಖಾಲಿ ಮಂಗಳವಾರ ತೆರೆದಿಟ್ಟಿದ್ದರೆ ನಾನು ಈ ಪೋಸ್ಟು ಬರೆಯುತ್ತಲೇ ಇರಲಿಲ್ಲ.

ಗದ್ದಲ ಅಂದೆನಲ್ಲ, ಅದು ಎಂಥದ್ದು ಅಂತ ಹೇಳಬೇಕು. ಚಾಮರಾಜನಗರದಿಂದ ಅಣ್ಣ ಅತ್ತಿಗೆ ಮಕ್ಕಳ ಸಮೇತ ಬಂದಿದ್ದರು, ದಸರಾ ರಜೆಯಲ್ಲಿ ಒಂದು ದಿನ ಎಲ್ಲರೂ ಹೋಗಿದ್ದೆವು. ಗೇಟಿನಿಂದಲೇ ಸಾಲು. ಒಳಗೆ ಹೋದ ಮೇಲೆ ನಡೆಯುವುದು ಅಂತ ಇಲ್ಲ, ಹಿಂದಿನವರು ತಳ್ಳಿದಷ್ಟು ಮುಂದೆ ಹೋಗುವುದು, ಸಂತೆಯಲ್ಲಿ ಹೋದ ಹಾಗೆ. ಹುಲಿಯ ಮುಂದೆ ಐದಾರು ಸಾಲು ಜನ. ಹುಲಿ ನೆರಳಲ್ಲಿ ಮಲಗಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಹುಲಿ ಇನ್ನೇನು ಮಾಡುತ್ತದೆ? ಅದು ಓಡಾಡುವುದು ಸಂಜೆ ಕವಿದ ಮೇಲೆ ಮತ್ತು ಬೆಳಗಿನ ಜಾವ. ಆದರೆ ನಮ್ಮವರಿಗೆ ಟಿಕೆಟ್ಟಿನ ದುಡ್ಡು ವಸೂಲಾಗಬೇಕು. "ಏಯ್ ಎದ್ದೇಳೋ", "ಸತ್ತೋಗಿದ್ಯೇನೋ", ಚಪ್ಪಾಳೆ, ಸಿಳ್ಳೆ, ಬಾಯಿಂದ ನಾಯಿ ಬೊಗಳಿದ ಸದ್ದು. ಒಬ್ಬ ಅಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೇಗೆ ಕಿರುಚಬೇಕು ಅಂತ ಹೇಳಿಕೊಡುತ್ತಿದ್ದ. ಹುಲಿ ಒಮ್ಮೆ ತಲೆ ಎತ್ತಿತು. ಹೋ ಅಂತ ಇಡೀ ಗುಂಪು ಕೂಗಿತು. ಅದು ತಲೆ ಮತ್ತೆ ಕೆಳಗಿಟ್ಟಿತು, ಕಿವಿ ಮಾತ್ರ ಹಿಂದಕ್ಕೆ ಮಡಚಿಕೊಂಡೇ ಇತ್ತು.

ಗೊರಿಲ್ಲಾಗಳ ಹತ್ತಿರ ಇನ್ನೂ ಕಷ್ಟ. ಪೋಲೋ ನಿಮಗೆ ನೆನಪಿರಬಹುದು. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದವನು, ಕೊನೆಯ ವರ್ಷಗಳಲ್ಲಿ ಇಡೀ ದೇಶಕ್ಕೆ ಇದ್ದ ಒಂದೇ ಗೊರಿಲ್ಲ, 2014ರಲ್ಲಿ ತೀರಿಕೊಂಡ. ಆಮೇಲೆ 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಅಂತ ಇಬ್ಬರು ಬಂದರು. ಗೊರಿಲ್ಲ ಕಂಡ ಕೂಡಲೇ ನಮ್ಮ ಜನರ ಕೈ ತಾನಾಗಿ ಎದೆಗೆ ಹೋಗುತ್ತದೆ, ದಬದಬ ಅಂತ ಬಡಿದುಕೊಳ್ಳುತ್ತಾರೆ. ಸಿನಿಮಾದಲ್ಲಿ ನೋಡಿದ್ದು. ಗಂಡು ಗೊರಿಲ್ಲ ಎದೆ ಬಡಿಯುವುದು ತನ್ನ ಗಾತ್ರ, ಬಲ ಎಷ್ಟು ಅಂತ ಬೇರೆ ಗಂಡುಗಳಿಗೆ ಸಾರುವುದಕ್ಕೆ. ಅದರ ಮುಂದೆ ನಿಂತು ನಾವು ಹಾಗೆ ಮಾಡಿದರೆ ಏನು ಅರ್ಥ? ಬಾರಲೇ ನೋಡೋಣ ಅಂತ. ಹಾಗೆ ಕರೆದು ನಾವು ಕಂದಕದ ಈಚೆ ನಿಂತು ಐಸ್‌ಕ್ರೀಂ ತಿನ್ನುತ್ತೇವೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಹಲ್ಲು ಬಿಟ್ಟು ನಗುವುದು, ಇವೆರಡೂ ವಾನರ ಜಾತಿಯ ಅನೇಕ ಪ್ರಾಣಿಗಳಿಗೆ ಬೆದರಿಕೆಯಂತೆ ಕಾಣಬಹುದು.

ಇಲ್ಲಿ ಒಂದು ಕಥೆ ಹೇಳಿಬಿಡಬೇಕು. 2007ರಲ್ಲಿ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಮೃಗಾಲಯದಲ್ಲಿ ಬೊಕಿಟೋ ಅನ್ನುವ ಗೊರಿಲ್ಲ ನೀರಿನ ಕಂದಕ ದಾಟಿ ಹೊರಗೆ ಬಂದು ಒಬ್ಬ ಮಹಿಳೆಯ ಮೇಲೆ ಬಿದ್ದಿತು. ಆಕೆ ಅದನ್ನು ನೋಡಲು ಪದೇ ಪದೇ ಬರುತ್ತಿದ್ದವರು, ಕಣ್ಣಿಟ್ಟು ನೋಡಿ ನಗುತ್ತಿದ್ದವರು. ಪ್ರೀತಿಯಿಂದಲೇ. ಆಮೇಲೆ ಅಲ್ಲಿ ಜನರಿಗೆ ರಟ್ಟಿನ ಕನ್ನಡಕ ಹಂಚಿದರಂತೆ. ಹಾಕಿಕೊಂಡರೆ ನಾವು ಪಕ್ಕಕ್ಕೆ ನೋಡುತ್ತಿರುವ ಹಾಗೆ ಕಾಣುವಂಥ ಕಣ್ಣುಗಳನ್ನು ಅದರ ಮೇಲೆ ಮುದ್ರಿಸಿದ್ದರು. ಅರ್ಧ ತಮಾಷೆಗೆ ಮಾಡಿದ್ದೇ ಇರಬಹುದು, ಆದರೂ ನನಗೆ ಬಹಳ ಇಷ್ಟವಾಯ್ತು. ನಾವು ನೋಡುವುದರಿಂದಲೂ ಅದಕ್ಕೆ ಏನೋ ಆಗುತ್ತದೆ ಅಂತ ಒಂದು ಊರು ಒಪ್ಪಿಕೊಂಡಿತಲ್ಲ.

ಇದೆಲ್ಲ ಭಾವುಕತೆ ಅಂತ ನೀವು ಅನ್ನಬಹುದು. ಅಲ್ಲ. ಮೃಗಾಲಯಗಳ ಮೇಲೆ ಅಧ್ಯಯನ ಮಾಡುವವರು ಇದಕ್ಕೆ ವಿಸಿಟರ್ ಎಫೆಕ್ಟ್ ಅಂತ ಹೆಸರನ್ನೇ ಇಟ್ಟಿದ್ದಾರೆ. ಎಲ್ಲ ಪ್ರಾಣಿಗೂ ಒಂದೇ ಥರ ಆಗುವುದಿಲ್ಲ, ಕೆಲವಕ್ಕೆ ಜನ ಇದ್ದರೇ ಹೊತ್ತು ಹೋಗುತ್ತದೆ. ಆದರೆ ಗುಂಪು ದೊಡ್ಡದಾಗಿ ಗದ್ದಲ ಹೆಚ್ಚಿದರೆ ಹಲವು ಪ್ರಾಣಿಗಳು ಬಚ್ಚಿಟ್ಟುಕೊಳ್ಳುತ್ತವೆ, ಅತ್ತಿಂದಿತ್ತ ಶತಪಥ ಹಾಕುತ್ತವೆ, ತಮ್ಮತಮ್ಮಲ್ಲೇ ಕಚ್ಚಾಡುತ್ತವೆ. ಆನೆಯಂತೂ ನಮ್ಮ ಕಿವಿಗೆ ಬೀಳದಷ್ಟು ತಗ್ಗಿನ ಸದ್ದನ್ನೂ ಕೇಳಬಲ್ಲದು. ಅಂಬಾರಿ ಆನೆ ಮತ್ತು ಅದರ ಜೊತೆಯವಕ್ಕೆ ಜಂಬೂಸವಾರಿಗೆ ಮುಂಚೆ ಕುಶಾಲತೋಪಿನ ಸದ್ದಿಗೆ ಹೆದರದಿರಲಿ ಅಂತ ಫಿರಂಗಿ ಸಿಡಿಸಿ ಅಭ್ಯಾಸ ಮಾಡಿಸುತ್ತೇವೆ. ಅಂದರೆ ಗದ್ದಲ ಆನೆಗೆ ಕಷ್ಟ ಅಂತ ಈ ಊರಿಗೆ ಚೆನ್ನಾಗಿಯೇ ಗೊತ್ತು! ಅರಮನೆಯ ಆವರಣದಲ್ಲಿ ಗೊತ್ತಿರುವುದು ಸ್ವಲ್ಪ ದೂರದ ಇಟ್ಟಿಗೆಗೂಡಿಗೆ ಬರುವಷ್ಟರಲ್ಲಿ ಮರೆತುಹೋಗುವುದು ಹೇಗೆ?

ಈಗ ಎದುರು ಪಾರ್ಟಿಯ ಮಾತು. ಮೊದಲನೆಯದು ದುಡ್ಡು. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮೈಸೂರು ಮೃಗಾಲಯ ಬಹುಮಟ್ಟಿಗೆ ಗೇಟಿನ ದುಡ್ಡಿನಿಂದಲೇ ನಡೆಯುವ ಸಂಸ್ಥೆ. ಆ ದುಡ್ಡಿನಲ್ಲಿ ನಾವು ಕಾಣುವ ಪ್ರಾಣಿಗಳಷ್ಟೇ ಅಲ್ಲ, ಕಾಣದವೂ ಬದುಕುತ್ತವೆ. ಊರ ಹೊರಗೆ ಕೂರ್ಗಳ್ಳಿಯಲ್ಲಿ ಮೃಗಾಲಯದ್ದೇ ಪುನರ್ವಸತಿ ಕೇಂದ್ರ ಇದೆ. ಬಂಡೀಪುರ, ನಾಗರಹೊಳೆಯ ಅಂಚಿನ ಊರುಗಳಲ್ಲಿ ಬೋನಿಗೆ ಬಿದ್ದ ಹುಲಿ ಚಿರತೆಗಳು ಅಲ್ಲಿಗೆ ಬರುತ್ತವೆ. ಅಲ್ಲಿಗೆ ಜನರಿಗೆ ಪ್ರವೇಶ ಇಲ್ಲ, ಟಿಕೆಟ್ ಇಲ್ಲ, ಆದಾಯ ಇಲ್ಲ, ಆದರೆ ಮಾಂಸ ದಿನವೂ ಬೇಕು. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಬಾಗಿಲು ಹಾಕಿದಾಗ, 2021ರಲ್ಲಿ ಎರಡನೇ ಅಲೆಗೆ ಮತ್ತೆ ಹಾಕಿದಾಗ ಈ ಸಂಸ್ಥೆ ಎಷ್ಟು ತೆಳ್ಳಗಿನ ದಾರದ ಮೇಲೆ ನಿಂತಿದೆ ಅಂತ ಎಲ್ಲರಿಗೂ ಕಂಡಿತು.

ಆದರೆ ಅದೇ ಹೊತ್ತಿನಲ್ಲಿ ಇನ್ನೊಂದೂ ಕಂಡಿತು. ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಈ ಮೃಗಾಲಯದಲ್ಲಿ 2001ರಿಂದಲೇ ಇದೆ. 2021ರ ಜೂನ್‌ನಲ್ಲಿ ಒಬ್ಬ ಸಿನಿಮಾ ನಟರು ಒಂದು ವಿಡಿಯೋದಲ್ಲಿ ಕೇಳಿಕೊಂಡ ಕೂಡಲೇ ಜನ ಮುಗಿಬಿದ್ದು ದತ್ತು ತೆಗೆದುಕೊಂಡರು. ಲಾಕ್‌ಡೌನಿನಲ್ಲಿ, ಸಂಬಳ ಕಟ್ ಆಗಿದ್ದ ಹೊತ್ತಿನಲ್ಲಿ! ಕೇಳುವ ಬಾಯಿ ಇದ್ದರೆ ಕೊಡುವ ಕೈ ಇದೆ ಅಂತ ಆಯ್ತಲ್ಲ. ಇನ್ನು ಒಂದು ಹಬ್ಬದ ಮಂಗಳವಾರ ಮುಚ್ಚಿದರೆ ಆವತ್ತಿನ ದುಡ್ಡು ಪೂರಾ ನಷ್ಟ ಅನ್ನೋದೂ ಸರಿಯಾದ ಲೆಕ್ಕ ಅಲ್ಲ. ದಸರಾಕ್ಕೆ ಬಂದವರು ಮಂಗಳವಾರ ಬೆಳಿಗ್ಗೆ ಬಂದು ಸಂಜೆಗೇ ಹೊರಡುವವರಲ್ಲ, ಬಹಳ ಜನ ಸೋಮವಾರವೋ ಬುಧವಾರವೋ ಹೋಗುತ್ತಾರೆ. ಕಡಿಮೆ ಬೀಳುವುದು ಉಳಿದಷ್ಟು ಮಾತ್ರ. ಆ ಉಳಿದಷ್ಟನ್ನು ಬೆಂಗಳೂರಿನ ಒಂದೆರಡು ಕಂಪನಿಯ ನೌಕರರು ಟೀಮ್ ಲಂಚ್ ಒಂದು ಬಿಟ್ಟರೆ ತುಂಬಿಕೊಡಬಹುದು ಅನ್ನಿಸುತ್ತದೆ. (ನನ್ನ ಟೀಮಿನವರು ಇದನ್ನು ಓದುತ್ತಿದ್ದರೆ: ಹೌದು, ನಿಮಗೇ ಹೇಳಿದ್ದು.)

ಎರಡನೆಯ ಮಾತು ದುಡ್ಡಿಗಿಂತ ಗಟ್ಟಿ. ರಾಯಚೂರಿನಿಂದಲೋ ಹಾವೇರಿಯಿಂದಲೋ ವರ್ಷವಿಡೀ ದುಡಿದು ದಸರಾಕ್ಕೆ ಅಂತ ಒಂದೇ ಒಂದು ಸಲ ಬರುವ ಸಂಸಾರ. ಮಕ್ಕಳಿಗೆ ಆನೆ, ಜಿರಾಫೆ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದಾನೆ ಅಪ್ಪ. ಬಂದು ನೋಡಿದರೆ ಗೇಟಿಗೆ ಬೀಗ. ಆ ಮಗುವಿನ ಮುಖಕ್ಕೆ ಏನು ಉತ್ತರ ಹೇಳ್ತೀಯ ಅಂತ ಅತ್ತಿಗೆಯೇ ನನ್ನನ್ನು ಕೇಳಿದರು. ಬೆಂಗಳೂರಿನಿಂದ ಬೇಕಾದಾಗ ಕಾರಿನಲ್ಲಿ ಬಂದುಹೋಗುವವನಿಗೆ ಮಂಗಳವಾರದ ಪಾಠ ಹೇಳುವುದು ಸುಲಭ ಅಂದರು. ಅತ್ತಿಗೆಯ ಮಾತಿಗೆ ಬೆಲೆ ಇದೆ. ಈ ಮೃಗಾಲಯ ಬರೀ ಪ್ರಾಣಿ ಸಂಗ್ರಹ ಅಲ್ಲ, ನಮ್ಮ ಕಡೆಯ ಹಳ್ಳಿ ಶಾಲೆಗಳ ಮೊದಲ ಪ್ರವಾಸ, ಹೊಸದಾಗಿ ಮದುವೆಯಾದವರ ಮೊದಲ ಫೋಟೋ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಖಾಸ್ ಬಂಗಲೆ ಅಂತ ಶುರು ಮಾಡಿದಾಗ ಅದು ಹತ್ತು ಹನ್ನೊಂದು ಎಕರೆಯ ಅರಮನೆ ಸ್ವತ್ತು. 1909ರಲ್ಲಿ ಅವರ ಹೆಸರು ಬಂತು. ಅದು ಬೆಳೆದು ಊರಿನವರೆಲ್ಲರದ್ದಾದದ್ದು ಸಣ್ಣ ಮಾತಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಒಂದು ಕಾಲಕ್ಕೆ ಪ್ರಾಣಿಗಳ ಸಂಗ್ರಹ ಇತ್ತು, ಅದು ಉಳಿಯಲಿಲ್ಲ. ಮೈಸೂರಿನದ್ದು ಉಳಿದದ್ದು ಜನ ಅದನ್ನು ತಮ್ಮದು ಅಂದುಕೊಂಡದ್ದರಿಂದಲೂ ಹೌದು. 2004ರಲ್ಲಿ ವಿಷಪ್ರಾಶನದಿಂದ ಗಣೇಶ, ರೂಪ, ಕೋಮಲ ಅನ್ನೋ ಆನೆಗಳು ಒಂದರ ಹಿಂದೆ ಒಂದು ಸತ್ತಾಗ ಮೈಸೂರಿನವರು ಮನೆಯವರೇ ಹೋದ ಹಾಗೆ ಅತ್ತಿದ್ದರು ಅಂತ ಅಮ್ಮ ಈಗಲೂ ಹೇಳುತ್ತಾರೆ.

ಇಷ್ಟೆಲ್ಲ ಒಪ್ಪಿಕೊಂಡೂ ನನ್ನ ಉತ್ತರ ಇದು. ಮಂಗಳವಾರ ಕಟಿಂಗ್ ಶಾಪ್ ತೆರೆದಿರುವುದಿಲ್ಲ ಅಂತ ನಮ್ಮ ಕಡೆ ಚಿಕ್ಕ ಮಗುವಿಗೂ ಗೊತ್ತು. ಬುಧವಾರ ಮದುವೆ ಇದ್ದರೆ ಮದುಮಗ ಸೋಮವಾರವೇ ಹೋಗಿ ಬರುತ್ತಾನೆ. ಹೋಗಿ ಶಟರ್ ಬಡಿದು ಪ್ರವಾಸಿಗರ ಅನುಕೂಲ ಅಂತ ಯಾರೂ ಕೂಗುವುದಿಲ್ಲ. ಯಾಕೆ? ಆ ರಜೆ ಯಾವತ್ತೂ ತಪ್ಪುವುದಿಲ್ಲ, ಅದಕ್ಕೆ. ತಪ್ಪದ ರಜೆಯನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮೃಗಾಲಯದ ಮಂಗಳವಾರ ಒಮ್ಮೆ ಇದೆ ಒಮ್ಮೆ ಇಲ್ಲ ಅಂತ ಮಾಡಿಟ್ಟರೆ, ಹಾವೇರಿಯ ಆ ಅಪ್ಪ ಮೋಸ ಹೋಗುವ ಸಾಧ್ಯತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹೋದ ವರ್ಷ ತೆರೆದಿತ್ತಲ್ಲ ಅಂದುಕೊಂಡು ಬರುತ್ತಾನೆ. ದಸರಾ ಕಾರ್ಯಕ್ರಮ ಪಟ್ಟಿಯನ್ನು ಅಷ್ಟು ದೊಡ್ಡದಾಗಿ ಅಚ್ಚು ಹಾಕಿಸುತ್ತಾರೆ, ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಮಂಗಳವಾರ ಮೃಗಾಲಯ ಇಲ್ಲ ಅಂತ ಒಂದು ಬೋರ್ಡು ಹಾಕಿಸಲು ಎಷ್ಟು ಖರ್ಚು?

ಮತ್ತೊಂದು. ಆ ಮಗು ಅಷ್ಟು ದೂರದಿಂದ ಬಂದದ್ದು ಏನು ನೋಡಲಿಕ್ಕೆ? ನಾನು ಹೇಳಿದ ಆ ದಿನ ನಮ್ಮ ಅಣ್ಣನ ಚಿಕ್ಕ ಮಗಳು ನೋಡಿದ್ದು ಮುಂದಿನವರ ಬೆನ್ನು. ಜಿರಾಫೆ ಮಾತ್ರ ಕಂಡಿತು, ಅದಕ್ಕೆ ಕತ್ತು ಉದ್ದ ಇತ್ತಲ್ಲ ಅಂತ. ಆಮೇಲೆ ಜುಲೈ ತಿಂಗಳಲ್ಲಿ, ತುಂತುರು ಮಳೆಯ ಒಂದು ಬುಧವಾರ, ಬೆಳಿಗ್ಗೆ ಎಂಟೂವರೆಗೆ ಗೇಟು ತೆರೆದ ಕೂಡಲೇ ಅದೇ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ಹುಲಿ ಎದ್ದು ಓಡಾಡುತ್ತಿತ್ತು! ನೀರು ಕುಡಿಯಿತು, ಮರಕ್ಕೆ ಬೆನ್ನು ಉಜ್ಜಿತು, ನಮ್ಮನ್ನು ಒಂದು ಸಲ ನೋಡಿ ತನ್ನ ಪಾಡಿಗೆ ಹೋಯಿತು. "ಚಿಕ್ಕಪ್ಪಾ, ಅದು ಬೆಕ್ಕಿನ ಥರಾನೇ ನಡೆಯತ್ತೆ" ಅಂದಳು. ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದ ಮಾರ್ಜಾಲ ಕುಟುಂಬ ಅವಳಿಗೆ ಆವತ್ತು ಕಣ್ಣಾರೆ ಸಿಕ್ಕಿತು. ಟಿಕೆಟ್ ಅದೇ, ಹುಲಿ ಅದೇ. ನನ್ನ ಪ್ರಕಾರ ಬಡವರ ಮಗುವಿಗೆ ಅನ್ಯಾಯ ಆಗುತ್ತಿರುವುದು ಮಂಗಳವಾರ ಮುಚ್ಚುವುದರಿಂದ ಅಲ್ಲ, ಉಳಿದ ದಿನ ಎಷ್ಟು ಜನ ಬಂದರೂ ಒಳಗೆ ಬಿಡುವುದರಿಂದ. ತಿರುಪತಿ ತಿಮ್ಮಪ್ಪನೇ ಗಂಟೆ ಗೊತ್ತು ಮಾಡಿ ಟಿಕೆಟ್ ಕೊಟ್ಟು ದರ್ಶನ ಕೊಡುತ್ತಾನಂತೆ, ಆನ್‌ಲೈನ್ ಟಿಕೆಟ್ ಇರುವ ಮೃಗಾಲಯಕ್ಕೆ ಹಬ್ಬದ ಹತ್ತು ದಿನ ಬೆಳಿಗ್ಗೆಗಿಷ್ಟು ಮಧ್ಯಾಹ್ನಕ್ಕಿಷ್ಟು ಅಂತ ಮಿತಿ ಹಾಕುವುದು ರಾಕೆಟ್ ವಿಜ್ಞಾನ ಏನಲ್ಲ. ಆ ಸಾಫ್ಟ್‌ವೇರನ್ನು ವಾರಾಂತ್ಯದಲ್ಲಿ ಬರೆದುಕೊಡುವವರು ನಮ್ಮಲ್ಲೇ ಹತ್ತು ಜನ ಸಿಗುತ್ತಾರೆ. ಹಳ್ಳಿಯಿಂದ ಬಂದವರಿಗೆ ಮೊಬೈಲಿನಲ್ಲಿ ಬುಕ್ ಮಾಡಲು ಬರುವುದಿಲ್ಲ ಅಂದರೆ ಅರ್ಧ ಟಿಕೆಟನ್ನು ಕೌಂಟರಿಗೇ ಇಟ್ಟುಬಿಡಿ.

ಮೂರನೆಯ ಮಾತು ಬೇರೆ ದಿಕ್ಕಿನಿಂದ ಬರುತ್ತದೆ. ಪ್ರಾಣಿಗಳನ್ನು ಕೂಡಿಹಾಕುವುದೇ ತಪ್ಪು, ಮೃಗಾಲಯವನ್ನೇ ಮುಚ್ಚಬೇಕು, ನೀನು ಮಂಗಳವಾರ ಅಂತ ಚೌಕಾಶಿ ಮಾಡ್ತಿದ್ದೀಯ ಅಂತ. ಹೀಗೆ ಹೇಳುವ ಗೆಳೆಯರು ನನಗೆ ಸುಮಾರು ಜನ ಇದ್ದಾರೆ, ಎಲ್ಲರೂ ಒಳ್ಳೆಯವರೇ. ಅವರಿಗೆ ನನ್ನದೊಂದೇ ಪ್ರಶ್ನೆ. ನಾಳೆ ಬೆಳಿಗ್ಗೆ ಬೀಗ ಹಾಕಿದಿರಿ ಅಂತಲೇ ಇಟ್ಟುಕೊಳ್ಳೋಣ, ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಜಿರಾಫೆಯನ್ನು ಎಲ್ಲಿಗೆ ಬಿಡ್ತೀರಿ? ಚಾಮುಂಡಿ ಬೆಟ್ಟಕ್ಕಾ? ಕೂರ್ಗಳ್ಳಿಯ ಹುಲಿಗಳಿಗೆ ಯಾರು ಊಟ ಹಾಕ್ತಾರೆ? ಮುಚ್ಚಬೇಕೋ ಬೇಡವೋ ಅನ್ನೋ ವಾದ ಇನ್ನು ಐವತ್ತು ವರ್ಷ ನಡೆಯಲಿ. ಅಷ್ಟರಲ್ಲಿ ಒಂದು ಚಿಂಪಾಂಜಿಯ ಪೂರ್ತಿ ಆಯಸ್ಸು ಮುಗಿದಿರುತ್ತದೆ. ಅದಕ್ಕೆ ಬೇಕಾದ್ದು ಈ ವಾರದ ಮಂಗಳವಾರ.

ಕೊನೆಗೆ ಬರುವುದು ಆ ಎರಡನೇ ಸುದ್ದಿಗೆ, ದಾಖಲೆಯ ಸುದ್ದಿಗೆ. ಹಳೆಯ ಬ್ಲಾಗುಗಳ ಪಕ್ಕದಲ್ಲಿ ಒಂದು ಹಿಟ್ ಕೌಂಟರ್ ಇರುತ್ತಿತ್ತಲ್ಲ, ಕಪ್ಪು ಡಬ್ಬಿಯಲ್ಲಿ ಹಸಿರು ಅಂಕಿ. ಅದನ್ನು ಏರಿಸಲು ನಮ್ಮದೇ ಪುಟವನ್ನು ನಾವೇ ಹತ್ತು ಸಲ ರಿಫ್ರೆಶ್ ಮಾಡುವ ಚಟ ಬ್ಲಾಗಿಗರಿಗೆ ಗೊತ್ತು. ಎಷ್ಟು ಜನ ಓದಿದರು ಅಂತ ಆ ಅಂಕಿ ಯಾವತ್ತೂ ಹೇಳಲಿಲ್ಲ. ಒಂದು ಮೃಗಾಲಯ ಹೇಗೆ ನಡೆಯುತ್ತಿದೆ ಅಂತ ಹೇಳಲು ಪತ್ರಿಕೆಗಳು ಪ್ರತಿ ವರ್ಷ ಎತ್ತಿ ಹಿಡಿಯುವುದು ಅಂಥದೇ ಅಂಕಿಯನ್ನು. ಆ ವರ್ಷ ಎಷ್ಟು ಮರಿಗಳು ಹುಟ್ಟಿ ಬದುಕಿದವು? ಎಷ್ಟು ಪ್ರಾಣಿಗಳು ಸತ್ತವು, ಯಾವ ಕಾರಣಕ್ಕೆ? ಕಿರುಚಿದವರಿಗೆ, ಕಲ್ಲು ಎಸೆದವರಿಗೆ ಎಷ್ಟು ದಂಡ ಹಾಕಿದರು? ಇವನ್ನು ಕೇಳುವ ವರದಿಗಾರರಿದ್ದರೆ ಮುಂದಿನ ವರ್ಷದ ಸುದ್ದಿ ಬೇರೆ ಥರ ಇರುತ್ತಿತ್ತು. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂತು ಅಂತ ಸುಮಾರು ಒಂದು ತಿಂಗಳು ಇದೇ ಮೃಗಾಲಯಕ್ಕೆ ಬೀಗ ಬಿದ್ದಿತ್ತು. ಪ್ರವಾಸೋದ್ಯಮ ಮುಳುಗಲಿಲ್ಲ, ಟಾಂಗಾದವರು ಊರು ಬಿಡಲಿಲ್ಲ, ಮೈಸೂರು ಪಾಕ್ ಕಹಿಯಾಗಲಿಲ್ಲ. ರೋಗ ಬಂದರೆ 30 ದಿನ ಮುಚ್ಚಬಲ್ಲ ಊರು ರೋಗ ಬರದಿರಲಿ ಅಂತ ಒಂದು ದಿನ ಮುಚ್ಚಲಾರದೇ?

ನಾನು ಕೇಳುವುದು ದೊಡ್ಡದೇನಲ್ಲ. ವಾರದ ರಜೆ ಯಾವ ಹಬ್ಬಕ್ಕೂ ರದ್ದಾಗಬಾರದು. ತೀರಾ ತೆರೆಯಲೇಬೇಕು ಅಂತಾದರೆ ಬದಲಿ ರಜೆಯ ದಿನಾಂಕ ಅದೇ ವಾರದಲ್ಲಿ, ಅದೇ ಪ್ರಕಟಣೆಯಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಬರಬೇಕು. ಇಷ್ಟನ್ನು ಬರೆದು ಮೃಗಾಲಯ ಪ್ರಾಧಿಕಾರಕ್ಕೆ ಒಂದು ಪತ್ರ ಕಳಿಸುತ್ತಿದ್ದೇನೆ, ಕನ್ನಡದಲ್ಲೇ. ನೀವೂ ನಿಮ್ಮ ಮಾತಿನಲ್ಲಿ ಒಂದೊಂದು ಕಳಿಸಿ. ನನ್ನದನ್ನೇ ಕಾಪಿ ಪೇಸ್ಟ್ ಮಾಡಬೇಡಿ, ಹಾಗೆ ಮಾಡಿದರೆ ಎಲ್ಲ ಪತ್ರವೂ ಒಂದೇ ಬುಟ್ಟಿಗೆ ಹೋಗುತ್ತದೆ.

ದಸರಾಕ್ಕೆ ನಿಮ್ಮ ಮನೆಗೆ ನೆಂಟರು ಬಂದು, ಮಂಗಳವಾರ ಎಲ್ಲಿಗೆ ಹೋಗೋಣ ಅಂತ ಕೇಳಿದರೆ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸಿ, ನಂದಿಯ ಹತ್ತಿರ ಕೂರಿಸಿ. ಇಳಿದು ಬಂದು ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನ ಸಾಲು ತೋರಿಸಿ, ನಂಜನಗೂಡು ರಸಬಾಳೆ ಸಿಕ್ಕರೆ ಒಂದು ಚಿಪ್ಪು ಕೊಡಿಸಿ. ಮಧ್ಯಾಹ್ನಕ್ಕೆ ಶ್ರೀರಂಗಪಟ್ಟಣ ಆಗುತ್ತದೆ. ಮಕ್ಕಳು ಹುಲಿ ಅಂತ ಹಟ ಮಾಡಿದರೆ ರಾತ್ರಿ ಬೇಗ ಮಲಗಿಸಿ, ಬುಧವಾರ ಬೆಳಿಗ್ಗೆ ಎಂಟೂಕಾಲಕ್ಕೆಲ್ಲ ಗೇಟಿನ ಹತ್ತಿರ ಇರಿ. ಸಿಳ್ಳೆ ಹೊಡೆಯುವವರು ಬರುವುದು ಹತ್ತೂವರೆಯ ಮೇಲೆ.